ಹೊತ್ತು ಮೂಡಿದ ಮೇಲೆ ಹೊರಡಿ

ಕಲಬುರಗಿಯ ಸೇಡಂ ರಸ್ತೆಯ ಎರಡೂ ಬದಿಯ ಬಡಾವಣೆಗಳ ಮತ್ತು ಕಮಲಾಪುರದ ಎಲ್ಲ ಮನೆಯವರಿಗೆ,



2022ರ ಜೂನ್ 3ರ ಮುಂಜಾನೆ, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಕಮಲಾಪುರದ ಹೊರವಲಯದಲ್ಲಿ ಸರಕು ಗಾಡಿಗೆ ಡಿಕ್ಕಿಯಾಗಿ, ರಸ್ತೆ ಬಿಟ್ಟು ಕೆಳಗಿಳಿದು ಹೊತ್ತಿ ಉರಿಯಿತು. ಏಳು ಜನ ಒಳಗೇ ಸುಟ್ಟುಹೋದರು. ಹುಟ್ಟುಹಬ್ಬದ ನೆಪದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ ಹೋಗಿ, ಮನೆಗೆ ಮರಳುತ್ತಿದ್ದ ಹೈದರಾಬಾದಿನ ಕುಟುಂಬದವರು ಅವರು. ಇನ್ನು ನಾಲ್ಕೈದು ತಾಸು ಕಳೆದಿದ್ದರೆ ಮನೆ ಮುಟ್ಟುತ್ತಿದ್ದರು.

ಅದೇ ಕಮಲಾಪುರ ತಾಲ್ಲೂಕಿನಲ್ಲಿ 2024ರ ನವೆಂಬರಿನಲ್ಲಿ ಕಾರಿಗೂ ಪಿಕಪ್ ವಾಹನಕ್ಕೂ ಡಿಕ್ಕಿಯಾಯಿತು. ಗಾಣಗಾಪುರದ ದತ್ತನ ದರ್ಶನಕ್ಕೆ ಬರುತ್ತಿದ್ದ ಹೈದರಾಬಾದಿನ ಮತ್ತೊಂದು ಕುಟುಂಬವೂ ಕಾರಿನ ಚಾಲಕನೂ ಸೇರಿ ನಾಲ್ವರು ತೀರಿಕೊಂಡರು. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಮ್ಯಾಕ್ಸಿಕ್ಯಾಬ್ ಹಿಂದಿನಿಂದ ಹೋಗಿ ಗುದ್ದಿತು. ಖ್ವಾಜಾ ಬಂದಾ ನವಾಜ್ ದರ್ಗಾಕ್ಕೆಂದು ಬಾಗಲಕೋಟೆಯಿಂದ ಹೊರಟಿದ್ದವರಲ್ಲಿ ಐವರು ಅಲ್ಲೇ ಹೋದರು. ಅದೇ ವರ್ಷದ ನವೆಂಬರ್ 25ರಂದು ಐಎಎಸ್ ಅಧಿಕಾರಿ ಮಹಾಂತೇಶ ಬೀಳಗಿ ಮದುವೆಗೆಂದು ಕಲಬುರಗಿಗೆ ಬರುವಾಗ ಜೇವರ್ಗಿ ತಾಲ್ಲೂಕಿನ ಗೌನಹಳ್ಳಿ ಬಳಿ ಕಾರು ಉರುಳಿ, ಬಂಧುಗಳೊಂದಿಗೆ ಪ್ರಾಣ ಕಳೆದುಕೊಂಡರು.

ದೇವರಿಗೆ, ದರ್ಗಾಕ್ಕೆ, ಮದುವೆಗೆ, ಮಕ್ಕಳ ಖುಷಿಗೆ ಹೊರಟವರು ಇವರೆಲ್ಲ. ಡಿಸೆಂಬರ್ ಬಂದರೆ ಸೇಡಂ ರಸ್ತೆಯ ಮನೆಗಳಿಂದ ಹೊರಡುವವರೂ ಇಂಥವರೇ. ಕ್ರಿಸ್‌ಮಸ್ ರಜೆ, ದತ್ತ ಜಯಂತಿ, ಎಳ್ಳ ಅಮಾವಾಸ್ಯೆ, ಹೊಸ ವರ್ಷ, ಸಂಕ್ರಾಂತಿ ಒಂದರ ಬೆನ್ನಿಗೊಂದು ಬರುತ್ತವೆ. ವಿಶ್ವವಿದ್ಯಾಲಯದ ಹಾಸ್ಟೆಲುಗಳು ಖಾಲಿಯಾಗುತ್ತವೆ, ಬೆಂಗಳೂರು-ಪುಣೆಯ ಮಕ್ಕಳು ಊರಿಗೆ ಬರುತ್ತಾರೆ, ಊರಿನವರು ಗೋಕರ್ಣಕ್ಕೋ ಶಬರಿಮಲೆಗೋ ಹೊರಡುತ್ತಾರೆ. ಈ ಪತ್ರ ಅವರಿಗಾಗಿ. ಮನೆಯಲ್ಲೇ ಉಳಿದು ಥಂಡಿಗೆ ಬಾಗಿಲು ಮುಚ್ಚಿಕೊಳ್ಳುವ ಹಿರಿಯರಿಗೂ ಇದರಲ್ಲಿ ಮಾತಿದೆ, ಏಕೆಂದರೆ ಚಳಿಗಾಲದ ಸಾವು ರಸ್ತೆಯಲ್ಲಿ ಮಾತ್ರ ಕಾದು ಕೂತಿರುವುದಿಲ್ಲ.

ಮೊದಲು ಹೊರಡುವ ಹೊತ್ತಿನ ವಿಚಾರ. ‘ರಾತ್ರಿ ಬಿಟ್ರ ಮುಂಜಾನಿ ಮುಟ್ತೀವಿ, ಒಂದು ದಿನ ಉಳೀತದ’ ಎನ್ನುವುದು ಈ ಭಾಗದ ಪ್ರತಿ ಮನೆಯ ಲೆಕ್ಕ. ದೂರದ ಊರು, ಕಡಿಮೆ ರಜೆ. ಈ ಲೆಕ್ಕ ಹುಟ್ಟಿದ್ದಕ್ಕೆ ಕಾರಣ ಇಲ್ಲದಿಲ್ಲ. ಆದರೆ ಅಪಘಾತಗಳ ಸುದ್ದಿಯನ್ನು ಸಾಲಾಗಿ ಇಟ್ಟು ನೋಡಿದರೆ ಗಡಿಯಾರ ಮತ್ತೆ ಮತ್ತೆ ಒಂದೇ ಜಾವವನ್ನು ತೋರಿಸುತ್ತದೆ. ನೆಲೋಗಿಯದು ಆದದ್ದು ನಸುಕಿನಲ್ಲಿ. 2025ರ ಅಕ್ಟೋಬರ್ 24ರಂದು ಕರ್ನೂಲು ಹತ್ತಿರ ಹೈದರಾಬಾದ್-ಬೆಂಗಳೂರು ಬಸ್ಸು ರಸ್ತೆಯಲ್ಲಿ ಬಿದ್ದಿದ್ದ ಬೈಕನ್ನು ಎಳೆದುಕೊಂಡು ಹೋಗಿ ಬೆಂಕಿ ಹತ್ತಿದ್ದೂ ನಸುಕಿನಲ್ಲೇ. ಸುಮಾರು 20 ಜೀವ ಹೋದವು. ಎರಡೇ ತಿಂಗಳ ನಂತರ, ಡಿಸೆಂಬರ್ 25ರ ಕ್ರಿಸ್‌ಮಸ್ ದಿನ, ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸಿಗೆ ಹಿರಿಯೂರು ತಾಲ್ಲೂಕಿನಲ್ಲಿ ಡಿವೈಡರ್ ದಾಟಿ ಬಂದ ಲಾರಿ ಬಡಿದು ಬಸ್ಸು ಉರಿದದ್ದೂ ಬೆಳಕು ಹರಿಯುವ ಮೊದಲೇ. ರಜೆಗೆ ಹೊರಟವರು ಮಲಗಿದ್ದಲ್ಲೇ ಸಿಕ್ಕಿಕೊಂಡರು. ಕಮಲಾಪುರದ ಬಸ್ಸು ಸುಟ್ಟಾಗ ಸೂರ್ಯ ಹುಟ್ಟಿದ್ದ ನಿಜ, ಆದರೆ ಬಸ್ಸು ಇಡೀ ರಾತ್ರಿ ಓಡಿ ಬಂದಿತ್ತು.

ನಸುಕಿನ ಮೂರರಿಂದ ಐದರವರೆಗೆ ದೇಹ ನಿದ್ದೆಯನ್ನು ಕೇಳಿಯೇ ಕೇಳುತ್ತದೆ. ಚಹಾ ಕುಡಿದರೂ, ಮುಖಕ್ಕೆ ನೀರು ಹೊಡೆದುಕೊಂಡರೂ ಅದು ಸ್ವಲ್ಪ ಹೊತ್ತಿನ ಉಪಾಯ. ಕಣ್ಣು ತೆರೆದಿದ್ದರೂ ಮಿದುಳು ಎರಡು ಮೂರು ಸೆಕೆಂಡು ಮಲಗಿಬಿಡುವುದುಂಟು. ತಾಸಿಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡು ಮಂಪರು ಬಂದರೆ 66 ಮೀಟರ್ ಗಾಡಿಯನ್ನು ಓಡಿಸುವವರೇ ಇಲ್ಲ.

ಇದಕ್ಕೆ ಚಳಿಗಾಲ ಸೇರಿದರೆ ಕಷ್ಟ ಇಮ್ಮಡಿ. ಡಿಸೆಂಬರ್ ಕೊನೆಯಲ್ಲಿ ಕಲಬುರಗಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ, ಮುಳುಗುವುದು ಆರು ಗಂಟೆಗೂ ಮೊದಲೇ. ಜೂನ್ ಮೊದಲ ವಾರಕ್ಕೆ ಹೋಲಿಸಿದರೆ ಬೆಳಗು ಒಂದು ತಾಸು ತಡ. ‘ಆರಕ್ಕೆ ಬಿಡೋಣ’ ಎಂದು ಬೇಸಿಗೆಯಲ್ಲಿ ಹೇಳಿದರೆ ಅದು ಬೆಳಕಿನ ಪ್ರಯಾಣ, ಡಿಸೆಂಬರಿನಲ್ಲಿ ಹೇಳಿದರೆ ಕತ್ತಲೆಯ ಪ್ರಯಾಣ. ಹೊಲಗಳ ನಡುವೆ, ಹಳ್ಳದ ತಗ್ಗಿನಲ್ಲಿ, ಮಳಖೇಡದ ಕಾಗಿಣಾ ನದಿಯ ಸುತ್ತ ಮಂಜು ಕೂತಿದ್ದರೆ ಏಳೂವರೆಯವರೆಗೂ ದಾರಿ ತಿಳಿಯಾಗುವುದಿಲ್ಲ. ಮಂದ ಬೆಳಕಿನ ಹೆಡ್‌ಲೈಟು ಸರಿಯಾಗಿ ತೋರಿಸುವುದು ನಲವತ್ತು ಐವತ್ತು ಮೀಟರ್ ಮಾತ್ರ. 80ರ ವೇಗದ ಕಾರು, ಚಾಲಕ ಕಂಡು ಬ್ರೇಕ್ ಹಾಕಿ ನಿಲ್ಲುವಷ್ಟರಲ್ಲಿ, ಸುಮಾರು 60 ಮೀಟರ್ ಓಡಿರುತ್ತದೆ. ಅಂದರೆ ಮುಂದೆ ನಿಂತ ಲಾರಿ ಕಣ್ಣಿಗೆ ಬೀಳುವ ಹೊತ್ತಿಗೆ ತಪ್ಪಿಸಿಕೊಳ್ಳುವ ಕಾಲ ಮುಗಿದಿರುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ಮರಳುತ್ತದೆ. ಡಿಪ್ ಲೈಟಿನಲ್ಲಿ, ರಸ್ತೆಯ ಬಿಳಿ ಗೆರೆ ಹಿಡಿದು, 30-40ರ ವೇಗದಲ್ಲಿ ಹೋಗುವುದೇ ದಾರಿ. ಅದೂ ಆಗದಿದ್ದರೆ ಪೆಟ್ರೋಲ್ ಬಂಕಿನಲ್ಲೋ ಧಾಬಾದ ಅಂಗಳದಲ್ಲೋ ಗಾಡಿ ಹಾಕಿ ಬಿಸಿಲು ಕಾಯುವುದು.

ನಿಂತ ಲಾರಿಯ ಮಾತು ಸೇಡಂ ರಸ್ತೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ಹೊರಟ ಭಾರದ ಲಾರಿಗಳು ಹಗಲೂ ರಾತ್ರಿ ಇದೇ ದಾರಿಯಲ್ಲಿ ಬರುತ್ತವೆ. ಟೈರು ಸಿಡಿದರೆ ಸುತ್ತ ನಾಲ್ಕು ಕಲ್ಲು, ಒಂದು ಗಿಡದ ಟೊಂಗೆ ಇಟ್ಟು ರಿಪೇರಿ ಮಾಡುತ್ತಾರೆ; ಲಾರಿ ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ. ಆ ಕಲ್ಲಿಗೆ ಬೈಕ್ ಹತ್ತಿದರೆ ಮತ್ತೊಂದು ಮನೆ ಹಾಳು. ಲಾರಿ ಮಾಲೀಕರೇ, ಚಾಲಕರೇ, ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಮತ್ತು ಕ್ಯಾಬಿನ್ನಿನಲ್ಲಿ ಮಡಚಿಡುವ ತ್ರಿಕೋನ ಫಲಕ ಕಾನೂನು ಕೇಳುವ ವಸ್ತುಗಳು. ಪಟ್ಟಿಯ ಮೇಲೆ ಸಿಮೆಂಟಿನ ಧೂಳು ಕೂತರೆ ಅದು ಹೊಳೆಯುವುದಿಲ್ಲ. ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಕಬ್ಬಿನ ಹಂಗಾಮು ನಡೆಯುವ ಅಫಜಲಪುರ, ಆಳಂದ ಕಡೆಯ ಎರಡು ಟ್ರೇಲರಿನ ಟ್ರ್ಯಾಕ್ಟರುಗಳಿಗೂ ಇದೇ ಮಾತು. ಕಬ್ಬು ಹೊರಚಾಚಿದ ಟ್ರೇಲರಿಗೆ ಹಿಂದೆ ಒಂದೂ ದೀಪವಿಲ್ಲದಿದ್ದರೆ ಕತ್ತಲಲ್ಲಿ ಅದು ಕಾಣುವುದೇ ಇಲ್ಲ.

ತೊಗರಿ ರಾಶಿಯ ಕಾಲವೂ ಇದೇ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದು ಈ ಜಿಲ್ಲೆಯ ಹೆಮ್ಮೆ. ಆದರೆ ಬೆಳೆಯನ್ನು ರಸ್ತೆಯ ಮೇಲೆ ಹರವಿ ಗಾಡಿಗಳ ಗಾಲಿಯಿಂದ ತುಳಿಸುವ ರೂಢಿ ಬಿಡಲೇಬೇಕಾದದ್ದು. ಬೈಕಿನ ಗಾಲಿ ಹೊಟ್ಟಿನ ಮೇಲೆ ಜಾರುತ್ತದೆ. ಕಾರಿನ ಅಡಿಗೆ ಸುತ್ತಿಕೊಂಡ ಒಣ ಕಡ್ಡಿ ಬಿಸಿ ಸೈಲೆನ್ಸರಿಗೆ ತಾಗಿದರೆ ಗಾಡಿಯೇ ಹೊತ್ತಿಕೊಳ್ಳಬಹುದು. ಕಣ ಮಾಡಲು ಜಾಗವಿಲ್ಲದ ರೈತರ ಕಷ್ಟ ಸಣ್ಣದಲ್ಲ. ಊರೂರಿಗೆ ಒಕ್ಕಣೆ ಕಣ ಕಟ್ಟಿಸಿಕೊಡಬೇಕಾದದ್ದು ಗ್ರಾಮ ಪಂಚಾಯಿತಿಗಳ ಕೆಲಸ, ಅದನ್ನು ಕೇಳಿ ಪಡೆಯಬೇಕು.

ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಕಟ್ಟಿಕೊಂಡು ಚರಗ ಚೆಲ್ಲಲು ಹೊರಟಾಗ ಹೆಣ್ಣುಮಕ್ಕಳು, ಮೊಮ್ಮಕ್ಕಳು ಎಲ್ಲರೂ ಒಂದೇ ಟ್ರ್ಯಾಕ್ಟರ್ ಟ್ರೇಲರಿನಲ್ಲಿ. ಟ್ರೇಲರಿಗೆ ಹಿಡಿಕೆ ಇಲ್ಲ, ಸೀಟಿಲ್ಲ. ಹಳ್ಳದ ಇಳಿಜಾರಿನಲ್ಲಿ ಒಂದು ಗಾಲಿ ತಗ್ಗಿಗೆ ಇಳಿದರೆ ಎಲ್ಲರೂ ಅಡಿಗೆ. ಹೊಲ ಹತ್ತಿರವಿದ್ದರೆ ನಡೆದು ಹೋಗಿ, ದೂರವಿದ್ದರೆ ಜೀಪಿನಲ್ಲೋ ಆಟೋದಲ್ಲೋ ಎರಡು ಸರದಿ ಮಾಡಿ. ಸಂಜೆ ಕತ್ತಲಾಗುವ ಮುಂಚೆ ಮರಳಿ ಬನ್ನಿ. ದೇಶದ ರಸ್ತೆ ಅಪಘಾತಗಳ ಲೆಕ್ಕದಲ್ಲಿ ಅತಿ ಹೆಚ್ಚು ನಡೆಯುವುದು ಸಂಜೆ 6ರಿಂದ 9ರ ನಡುವೆ, ಮನೆಗೆ ಮರಳುವ ಅವಸರದ ಹೊತ್ತಿನಲ್ಲಿ. ಹಾಗಾಗಿ ಹಗಲು ಪ್ರಯಾಣ ಎಂದರೆ ಬೆಳಕಿನಲ್ಲಿ ಹೊರಟು ಬೆಳಕಿನಲ್ಲೇ ಮುಟ್ಟುವುದು.

ರಾತ್ರಿ ಬಸ್ಸು ಬಿಟ್ಟರೆ ಬೇರೆ ದಾರಿ ಏನಿದೆ ಎಂದು ಕೇಳುವವರಿದ್ದಾರೆ. ಕಲಬುರಗಿಗೆ ರೈಲಿದೆ. ಬೀದರ್-ಕಲಬುರಗಿ ಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ಕಮಲಾಪುರದವರ ಕೈಗೂ ರೈಲು ಬಂತು. ಮುಂಬೈ, ಸೊಲ್ಲಾಪುರ, ಬೆಂಗಳೂರು, ಚೆನ್ನೈಗೆ ಇಲ್ಲಿಂದಲೇ ಗಾಡಿಗಳಿವೆ. ಸೇಡಂನಿಂದ ಸಿಕಂದರಾಬಾದಿಗೂ ಇವೆ. 2024ರ ಮಾರ್ಚಿನಲ್ಲಿ ಆರಂಭವಾದ ವಂದೇ ಭಾರತ್ ಕಲಬುರಗಿಯಿಂದ ನಸುಕಿಗೆ ಹೊರಟು ಮಧ್ಯಾಹ್ನಕ್ಕೆ ಬೆಂಗಳೂರು ಮುಟ್ಟುತ್ತದೆ. ರಜೆಯ ದಿನಾಂಕ ಮೊದಲೇ ಗೊತ್ತಿರುವುದರಿಂದ ಟಿಕೆಟನ್ನು ಮುಂಚೆಯೇ ಕಾಯ್ದಿರಿಸಬಹುದು. ಬಸ್ಸಿನಲ್ಲೇ ಹೋಗಬೇಕಾದರೆ ಹತ್ತಿದ ತಕ್ಷಣ ಎರಡು ನಿಮಿಷ ಎದ್ದು ನೋಡಿ: ತುರ್ತು ಬಾಗಿಲು ಎಲ್ಲಿದೆ, ಅದಕ್ಕೆ ಅಡ್ಡವಾಗಿ ಸಾಮಾನು ಪೇರಿಸಿದ್ದಾರೆಯೇ, ಗಾಜು ಒಡೆಯುವ ಸುತ್ತಿಗೆ ಗೂಡಿನಲ್ಲಿದೆಯೇ. ಇಲ್ಲದಿದ್ದರೆ ನಿರ್ವಾಹಕನನ್ನು ಕೇಳಿ. ಎಸಿ ಬಸ್ಸಿನ ಗಾಜು ಕೈಯಿಂದ ಒಡೆಯುವುದಿಲ್ಲ. ಸುತ್ತಿಗೆಯಿಂದ ಮೂಲೆಗೆ ಹೊಡೆಯಬೇಕು, ನಡುವೆ ಹೊಡೆದರೆ ಪ್ರಯೋಜನವಿಲ್ಲ. ಬಸ್ಸು ತುಂಬಾ ಹೊಗೆಯಾದರೆ ಮಲಗಿದವರು ಬಗ್ಗಿ ನೆಲಕ್ಕೆ ಹತ್ತಿರವಾಗಿ ಸರಿಯಬೇಕು, ಬ್ಯಾಗು ಹುಡುಕುತ್ತ ನಿಲ್ಲಬಾರದು.

ಸ್ವಂತ ಕಾರಿನವರು ಹಿಂದಿನ ಸೀಟಿನ ಬೆಲ್ಟನ್ನು ಸೀಟಿನ ಸಂದಿಯಿಂದ ಹೊರಗೆ ತೆಗೆದು ಹಾಕಿಕೊಳ್ಳಿ. ಬೆಲ್ಟ್ ಹಾಕದ ಹಿಂದಿನವರು ಡಿಕ್ಕಿಯಲ್ಲಿ ಮುಂದಿನವರ ಮೇಲೆಯೇ ಬೀಳುತ್ತಾರೆ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪ್ರೀತಿ ನಿಜ, ಆದರೆ ಏರ್‌ಬ್ಯಾಗ್ ಸಿಡಿದಾಗ ಆ ಮಗುವೇ ಮೊದಲ ಬಲಿ. ಬೈಕಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟೂ ದೊಡ್ಡವರಿಗೆ ಕಟ್ಟುವ ಬೆಲ್ಟೂ ಬೇಕು, ವೇಗ 40 ದಾಟಬಾರದು. ಇದು 2023ರಿಂದ ಜಾರಿಯಲ್ಲಿರುವ ನಿಯಮ.

ಇನ್ನು ಮನೆಯ ಒಳಗಿನ ಮಾತು. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ, ಏಕೆಂದರೆ ಇಲ್ಲಿಯ ಅಪಾಯ ಸದ್ದು ಮಾಡುವುದಿಲ್ಲ.

ಬಿಸಿಲಿನ ನಾಡಿನ ಮನೆಗಳು ಬೇಸಿಗೆಯನ್ನು ನೆನೆದು ಕಟ್ಟಿದವು. ಶಹಾಬಾದ್ ಫರಸಿಯ ನೆಲ ಮೇ ತಿಂಗಳಿನಲ್ಲಿ ತಣ್ಣಗೆ ಹಿತ, ಡಿಸೆಂಬರಿನಲ್ಲಿ ಕಾಲು ಇಡಲಾಗದಷ್ಟು ಥಂಡಿ. ಹಳೆಯ ಮನೆಗಳಲ್ಲಿ ಮಾಳಿಗೆಗೆ ಬೆಳಕಿಂಡಿ ಇರುತ್ತಿತ್ತು; ಬೆಂಕಿ ಕಾಯಿಸಿಕೊಂಡರೂ ಹೊಗೆಯ ಜೊತೆಗೆ ವಿಷಗಾಳಿ ಮೇಲಕ್ಕೆ ಹೋಗುತ್ತಿತ್ತು. ಸೇಡಂ ರಸ್ತೆಯ ಹೊಸ ಫ್ಲ್ಯಾಟುಗಳಿಗೆ, ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಿಗೆ ಬೆಳಕಿಂಡಿ ಇಲ್ಲ. ಗಾಜಿನ ಕಿಟಕಿ ಎಳೆದು, ಬಾಗಿಲ ಸಂದಿಗೆ ಬಟ್ಟೆ ತುರುಕಿದರೆ ಗಾಳಿ ಒಳಗೆ ಬರಲು ದಾರಿಯೇ ಉಳಿಯುವುದಿಲ್ಲ. ಅಂಥ ಕೋಣೆಯಲ್ಲಿ ಸಿಗಡಿಯಲ್ಲಿ ಇದ್ದಿಲು ಹಾಕಿ ಮಲಗಿದರೆ ಏನಾಗುತ್ತದೆ ಎನ್ನುವುದನ್ನು ಬೆಳಗಾವಿ 2025ರ ನವೆಂಬರಿನಲ್ಲಿ ನೋಡಿತು. ಅಮನ್ ನಗರದ ಕೋಣೆಯಲ್ಲಿ ಚಳಿಗೆ ಇದ್ದಿಲ ಬೆಂಕಿ ಮಾಡಿಕೊಂಡು ಮಲಗಿದ ಯುವಕರಲ್ಲಿ ಮೂವರು ಬೆಳಿಗ್ಗೆ ಏಳಲಿಲ್ಲ.

ಇದ್ದಿಲು ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಉಸಿರು ಆಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ‘ಥಂಡಿಗೆ ತಲಿ ಹಿಡದದ’ ಎಂದು ಹೊದ್ದುಕೊಂಡು ಮಲಗುವ ತಪ್ಪು ಬಹಳ ಜನ ಮಾಡುತ್ತಾರೆ. ಮನೆಯ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ, ಹೊರಗೆ ಬಂದ ಕೂಡಲೇ ಹಗುರವಾದರೆ, ಕಾರಣ ಗಾಳಿಯಲ್ಲಿದೆ ಎಂದು ತಿಳಿಯಬೇಕು. ಕಿಟಕಿ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ತಂದು 108ಕ್ಕೆ ಕರೆ ಮಾಡಬೇಕು. ಇದಕ್ಕೆ ಔಷಧ ಆಮ್ಲಜನಕ, ಅದು ಇರುವುದು ಆಸ್ಪತ್ರೆಯಲ್ಲಿ.

ಗ್ಯಾಸ್ ಗೀಸರಿನದೂ ಇದೇ ಕಥೆ. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಅಕ್ಕತಂಗಿಯರಿಬ್ಬರು ಬಚ್ಚಲಮನೆಯಲ್ಲಿ ಗೀಸರಿನ ಅನಿಲಕ್ಕೆ ಬಲಿಯಾದರು. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಕೂರಿಸಬಾರದು. ಹೊರಗಿನ ಗೋಡೆಗೆ ಹಾಕಿ ಬಿಸಿನೀರನ್ನಷ್ಟೇ ಕೊಳವೆಯಲ್ಲಿ ಒಳಗೆ ತರಬೇಕು. ಈಗಾಗಲೇ ಒಳಗಿದ್ದರೆ, ಬಕೆಟ್ ತುಂಬಿಸಿ ಗೀಸರ್ ಆರಿಸಿ, ಕಿಟಕಿ ತೆರೆದು ಆಮೇಲೆ ಸ್ನಾನಕ್ಕೆ ಹೋಗಬೇಕು. ಪ್ರವಾಸದ ಲಾಡ್ಜುಗಳಲ್ಲೂ ಇದನ್ನು ನೋಡಿಕೊಳ್ಳಿ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟಿನಲ್ಲಿ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಹಾಕಿ ಮಲಗಿದ ಕೇರಳದ ಎಂಟು ಪ್ರವಾಸಿಗಳು ತೀರಿಹೋದರು, ಅವರಲ್ಲಿ ನಾಲ್ವರು ಮಕ್ಕಳು.

ಹುಬ್ಬಳ್ಳಿಯ ಘಟನೆ ಇನ್ನೂ ಹತ್ತಿರದ್ದು. 2024ರ ಡಿಸೆಂಬರ್ 22ರ ರಾತ್ರಿ ಸಾಯಿನಗರದಲ್ಲಿ ಮಾಲೆ ಧರಿಸಿದ ಅಯ್ಯಪ್ಪ ಭಕ್ತರು ಮಲಗಿದ್ದ ಕೋಣೆಯಲ್ಲಿ ಸಿಲಿಂಡರಿನಿಂದ ಸೋರಿದ ಅನಿಲಕ್ಕೆ ಬೆಂಕಿ ಹತ್ತಿತು. ಸುಟ್ಟ ಒಂಬತ್ತು ಜನರಲ್ಲಿ ಎಂಟು ಮಂದಿ ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ಹೋದರು. ಸೇಡಂ ರಸ್ತೆಯಲ್ಲೂ ಕಮಲಾಪುರದಲ್ಲೂ ಡಿಸೆಂಬರಿನಲ್ಲಿ ಸನ್ನಿಧಾನಗಳಿರುತ್ತವೆ, ಗುರುಸ್ವಾಮಿಗಳು ಇದನ್ನು ಗಮನಿಸಬೇಕು: ಅಡುಗೆಯ ಸಿಲಿಂಡರ್ ಇರುವಲ್ಲಿ ಯಾರೂ ಮಲಗಬಾರದು, ಮಲಗುವಲ್ಲಿ ದೀಪ ಉರಿಯಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ಮಲಗಿದವರ ಮುಖದ ಮಟ್ಟಕ್ಕೆ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಬಾಡಿಗೆ ಕೋಣೆಯ ವಿದ್ಯಾರ್ಥಿಗಳೇ, ನೀರು ಕಾಯಿಸುವ ರಾಡನ್ನು ಬಕೆಟಿಗೆ ಇಳಿಬಿಟ್ಟು ಬೆರಳಿನಿಂದ ಬಿಸಿ ನೋಡಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ.

ಹಿರಿಯರಿಗೆ ಒಂದು ಮಾತು. ಚಳಿಗೆ ರಕ್ತನಾಳ ಬಿಗಿದುಕೊಂಡು ರಕ್ತದೊತ್ತಡ ಏರುತ್ತದೆ. ನಸುಕಿನ ವಾಯುವಿಹಾರದ ರೂಢಿ ಎಷ್ಟೇ ಹಳೆಯದಾದರೂ ಡಿಸೆಂಬರ್, ಜನವರಿಯಲ್ಲಿ ಬಿಸಿಲು ಬಿದ್ದ ಮೇಲೆ ನಡೆಯಿರಿ. ಎದೆ ಬಿಗಿತ, ಎಡಗೈ ನೋವು, ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಕೂಡಬೇಡಿ; 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಿಂದ ಕಲಬುರಗಿಯಲ್ಲೇ ಇದೆ. ಮನೆಗೆ ಬೀಗ ಹಾಕಿ ಹೋಗುವವರು ಸಿಲಿಂಡರ್, ನೀರಿನ ಮೋಟಾರು ಬಂದ್ ಮಾಡಿ, ನೆರೆಯವರಿಗೂ ಠಾಣೆಗೂ ತಿಳಿಸಿ ಹೋಗಿ.

ಕೊನೆಯದಾಗಿ ಹೆದ್ದಾರಿ ಬದಿಯ ಅಂಗಡಿಯವರಿಗೆ, ಕೆಂಬಾಳೆ ಮಾರುವವರಿಗೆ, ಆಟೋದವರಿಗೆ, ಹೊಲದಲ್ಲಿರುವವರಿಗೆ. ಅಪಘಾತವಾದಾಗ ಮೊದಲು ಓಡಿ ಬರುವವರು ನೀವೇ. ಪೊಲೀಸ್, ಕೋರ್ಟಿನ ಭಯಕ್ಕೆ ಹಿಂಜರಿಯಬೇಡಿ. ಗಾಯಾಳುವಿಗೆ ನೆರವಾದವರನ್ನು ರಕ್ಷಿಸಲು ಕರ್ನಾಟಕದ್ದೇ ಕಾಯ್ದೆ 2016ರಲ್ಲಿ ಬಂತು; ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನ ಪ್ರಕಾರ ಅಂಥವರ ಮೇಲೆ ಸಿವಿಲ್, ಕ್ರಿಮಿನಲ್ ಹೊಣೆ ಬರುವುದಿಲ್ಲ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ತಾಸಿನೊಳಗೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ ಕೇಂದ್ರದ ರಾಹ್-ವೀರ್ ಯೋಜನೆ 25,000 ರೂಪಾಯಿ ಕೊಡುತ್ತದೆ. ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ದುಡ್ಡು ಕಟ್ಟಿದರೇ ಸೇರಿಸಿಕೊಳ್ಳುತ್ತೇವೆ ಎಂದರೆ ಈ ಯೋಜನೆಯ ಹೆಸರು ಹೇಳಿ ಕೇಳಿ. ಜಿಮ್ಸ್, ಇಎಸ್‌ಐ ಆಸ್ಪತ್ರೆಗಳೆರಡೂ ಸೇಡಂ ರಸ್ತೆಯಲ್ಲೇ ಇವೆ. ಕುತ್ತಿಗೆ, ಬೆನ್ನಿಗೆ ಪೆಟ್ಟು ಬಿದ್ದವರನ್ನು ಕೈಕಾಲು ಹಿಡಿದು ಎಳೆಯದೆ, ಬೆಂಕಿಯ ಭಯವಿಲ್ಲದಿದ್ದರೆ 108ರವರು ಬರುವವರೆಗೆ ಹಾಗೇ ಬಿಡಿ, ರಕ್ತ ಹರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ.

ಈ ರಜೆಗೆ ಟಿಕೆಟ್ ತೆಗೆಸುವ ಮುನ್ನ ಹಗಲಿನ ಗಾಡಿ ಯಾವುದಿದೆ ಎಂದು ಒಮ್ಮೆ ನೋಡಿ. ಇಂದು ರಾತ್ರಿ ಮಲಗುವ ಮುನ್ನ ಸಿಗಡಿಯನ್ನು ಅಂಗಳಕ್ಕೆ ಇಟ್ಟು, ಕೋಣೆಯ ಒಂದು ಕಿಟಕಿಯನ್ನು ನಾಲ್ಕು ಬೆರಳಷ್ಟಾದರೂ ತೆರೆದಿಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112 ಸಾಕು, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಮನೆಯ ಮಕ್ಕಳಿಗೂ ಈ ಎರಡು ಸಂಖ್ಯೆ ಬಾಯಿಪಾಠ ಮಾಡಿಸಿ.